ಹೊರಗೆ ಕೂತ ಮೂರು ದಿನ

ಆ ಉಪಾಯ ನನ್ನದೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಶಿರಸಿಯ ನಮ್ಮ ಕಚೇರಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಮೊದಲು ಅದನ್ನು ಬಾಯಿಬಿಟ್ಟು ಹೇಳಿದವಳು ನಾನು. ಹೇಳಿ, ಎಲ್ಲರ ಮುಖ ನೋಡಿ, ಒಳಗೊಳಗೇ ಹಿಗ್ಗಿದವಳೂ ನಾನು. ಈಗ ಆ ಹಿಗ್ಗು ನೆನಪಾದರೆ ಹಳಸಿದ ಅನ್ನದ ತುತ್ತು ಬಾಯಿಗೆ ಹಾಕಿಕೊಂಡ ಹಾಗಾಗುತ್ತದೆ.

ನನ್ನ ಊರು ಸಿದ್ದಾಪುರದ ಕಡೆ. ಧಾರವಾಡದಲ್ಲಿ ಸಮಾಜಕಾರ್ಯ ಓದಿದೆ. ಓದು ಮುಗಿದ ಮೇಲೆ ಹೆಂಗಸರ ಆರೋಗ್ಯದ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಶಿರಸಿಯ ನಮ್ಮ ತಂಡ ಅಂದರೆ ಒಂದು ಜೀಪು, ಯಲ್ಲಾಪುರದ ಸಾಬರ ಮನೆಯ ಒಬ್ಬ ಡ್ರೈವರು, ಹಾವೇರಿ ಕಡೆಯ ಒಬ್ಬ ಹಿರಿಯ ನರ್ಸು, ಆಮೇಲೆ ನಾನು. ವೈದ್ಯೆ ತಿಂಗಳಿಗೊಮ್ಮೆ ಬರುತ್ತಿದ್ದರು, ಉಳಿದ ದಿನ ಫೋನಿನಲ್ಲಿ ಸಿಗುತ್ತಿದ್ದರು. ಸೋಮವಾರ ಸಿದ್ದಾಪುರ, ಬುಧವಾರ ಮತ್ತಿಘಟ್ಟದ ಕಡೆಯ ಹಳ್ಳಿಗಳು, ಶುಕ್ರವಾರ ಯಲ್ಲಾಪುರ. ಯಾವುದೋ ಅಂಗನವಾಡಿ, ಇಲ್ಲವೇ ಸೊಸೈಟಿಯ ಪಡಸಾಲೆ ಕೇಳಿಕೊಂಡು ಮೇಜು ಹಾಕುವುದು. ಗರ್ಭ ತಡೆಯುವ ಗುಳಿಗೆ, ಕಾಂಡೋಮ್, ಬಿಳಿಸೆರಗಿಗೆ ಔಷಧ, ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್. ಇಂಜೆಕ್ಷನ್ನಿಗೇ ಹೆಚ್ಚು ಜನ. ಗಂಡನಿಗೆ ಹೇಳಬೇಕಾಗಿಲ್ಲ, ಮನೆಯಲ್ಲಿ ಪೊಟ್ಟಣ ಅಡಗಿಸಿಡಬೇಕಾಗಿಲ್ಲ.

ಇಂಜೆಕ್ಷನ್ ಹಾಕುವ ಮೊದಲು ಹೆಂಗಸು ಬಸಿರಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಎರಡು ದಾರಿ. ಮೂತ್ರದ ಎರಡು ಹನಿ ಬಿಟ್ಟು ನೋಡುವ ಕಿಟ್ ಒಂದು. ಮುಟ್ಟು ಶುರುವಾಗಿ ಏಳು ದಿನದ ಒಳಗಿದ್ದರೆ ಕಿಟ್ ಬೇಡ, ಹಾಗೇ ಹಾಕಬಹುದು; ಇದು ಇನ್ನೊಂದು. ಕಿಟ್ಟುಗಳು ಹುಬ್ಬಳ್ಳಿಯ ಯಾರೋ ದಾನಿಗಳಿಂದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಮಳೆಗಾಲ ಪೂರ್ತಿ ಬರಲಿಲ್ಲ.

ಆಗ ನನಗೆ ಹೊಳೆದದ್ದು ಇದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಂಗಸು ಮುಟ್ಟಾದರೆ ಮೂರು ದಿನ ಹೊರಗೆ ಕೂರುತ್ತಾಳೆ. ಅಡಿಗೆಮನೆಗೆ ಹೋಗುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ, ಹಿಂದಿನ ಕೋಣೆಯಲ್ಲೋ ಜಗಲಿಯ ಮೂಲೆಯಲ್ಲೋ ಚಾಪೆ. ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ. ಇದು ಗುಟ್ಟಲ್ಲ. ಅತ್ತೆಗೆ ಗೊತ್ತು, ಓರಗಿತ್ತಿಗೆ ಗೊತ್ತು, ಹಾಲು ಕೊಂಡೊಯ್ಯಲು ಬಂದವರಿಗೂ ಗೊತ್ತು. ಹೆಂಗಸು ತನ್ನ ತಾರೀಕು ಮರೆತರೂ ಮನೆ ಮರೆಯುವುದಿಲ್ಲ. ಹಾಗಾದರೆ ಕಿಟ್ ಯಾಕೆ? ಅತ್ತೆಯನ್ನು ಕೇಳಿದರೆ ಸಾಕು. ಹೊರಗೆ ಕೂತಿದ್ದಳಾ? ಯಾವಾಗ? ಅಷ್ಟು ಬರೆದುಕೊಂಡು ಇಂಜೆಕ್ಷನ್ ಹಾಕಿಬಿಡುವುದು.

ಎಂ.ಎ.ಯಲ್ಲಿ ಇದೇ ಪದ್ಧತಿಯನ್ನು ಖಂಡಿಸಿ ನಾನು ಪ್ರಬಂಧ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಯಾವುದನ್ನು ಬೈದು ಪದವಿ ಪಡೆದೆನೋ ಅದನ್ನೇ ಸಂಬಳವಿಲ್ಲದ ಗುಮಾಸ್ತನ ಹಾಗೆ ಕೆಲಸಕ್ಕಿಟ್ಟುಕೊಂಡೆ. ಆಗ ಅದು ಹೇಸಿಗೆ ಅನ್ನಿಸಲಿಲ್ಲ, ಜಾಣತನ ಅನ್ನಿಸಿತ್ತು.

ನರ್ಸಿಗೆ ಮೊದಲ ದಿನದಿಂದಲೂ ಅದು ಸೇರಿರಲಿಲ್ಲ. ಜಗಳ ಆಡುವ ಜಾತಿಯಲ್ಲ ಅವರು, ಚೇಷ್ಟೆ ಮಾಡುತ್ತಿದ್ದರು. ಹೊಸ ಊರಿಗೆ ಹೋದಾಗ, "ಡಿಗ್ರಿ ಮಾಡಿದೋರ ತಲಿ ನೋಡ್ರಿ, ಅತ್ತೀನ ಲ್ಯಾಬ್ ಮಾಡಿಟ್ಟಾರ," ಎಂದು ಅಂಗನವಾಡಿ ಟೀಚರಿಗೆ ನನ್ನನ್ನು ಪರಿಚಯಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ.

ವರ್ಷದ ಸಭೆಯಲ್ಲಿ ಈ ಉಪಾಯದ ಬಗ್ಗೆ ಮಾತಾಡಲು ನನ್ನನ್ನು ನಿಲ್ಲಿಸಿದರು. ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದೆ. ಖರ್ಚಿಲ್ಲದ, ನೆಲದ ಸಂಸ್ಕೃತಿಗೆ ಹೊಂದುವ ವಿಧಾನ ಎಂದು ಯಾರೋ ಹೊಗಳಿದರು. ಶಾಲು ಹೊದೆಸಿದರು. ಬೇರೆ ತಾಲ್ಲೂಕಿನ ತಂಡದವರು ಬರೆದುಕೊಂಡರು, ಸಂಸ್ಥೆಯ ಕೈಪಿಡಿಗೂ ಅದು ಸೇರಿತು. ಆಮೇಲೆ ಕಿಟ್ಟುಗಳು ಮತ್ತೆ ಬರತೊಡಗಿದವು. ಆದರೆ ಅಷ್ಟು ಹೊತ್ತಿಗೆ ಕಿಟ್ ಉಳಿಸುವುದೇ ಒಂದು ಸಾಧನೆಯಾಗಿತ್ತು. ಉಳಿದದ್ದನ್ನು ಒಂದು ನೀಲಿ ಡಬ್ಬಿಯಲ್ಲಿ ಹಾಕಿ ಜೀಪಿನ ಸೀಟಿನ ಕೆಳಗೆ ಇಡುತ್ತಿದ್ದೆ. ತೀರಾ ಅನುಮಾನ ಬಂದರೆ ಮಾತ್ರ ತೆಗೆಯುವುದು. ಅನುಮಾನ ಬರುವಂತೆ ನಾನು ಯಾರನ್ನೂ ಸರಿಯಾಗಿ ನೋಡುತ್ತಲೇ ಇರಲಿಲ್ಲ.

ಅವಳು ಬಂದದ್ದು ಒಂದು ಶುಕ್ರವಾರ, ನಂದೊಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ. ಎರಡು ಮಕ್ಕಳ ತಾಯಿ, ಮೂವತ್ತು ಆಗಿರಲಿಲ್ಲ. ಸಣ್ಣ ದನಿ. ಜೊತೆಗೆ ಅತ್ತೆ ಇದ್ದರು. ಮೂರನೆಯದು ಬೇಡ ಎಂದು ಅತ್ತೆ ಸೊಸೆ ಇಬ್ಬರೂ ಒಂದೇ ಮನಸ್ಸಿನಿಂದ ಬಂದಿದ್ದರು, ಅದು ಅಪರೂಪ. ಸಾಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು, ಬಿಸಿಲು ಏರುತ್ತಿತ್ತು. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದೆ. ಅವಳು ಮೇಜಿನ ಮೇಲೆ ಕೈ ಇಟ್ಟುಕೊಂಡು, ಈ ಸಲ ಎಂತೋ ಬೇರೆ ಥರ, ಎರಡೇ ಹನಿ, ಕಪ್ಪಗೆ, ಎಂದಳು. ನನ್ನ ಕಿವಿಗೆ ಅದು ಬಿತ್ತು. ಬಿದ್ದಿತು ಎನ್ನುವುದು ನನಗೆ ಗೊತ್ತು. ಆದರೆ ನಾನು ಅವಳ ಮುಖ ನೋಡಲಿಲ್ಲ, ಹಿಂದೆ ನಿಂತಿದ್ದ ಅತ್ತೆಯ ಮುಖ ನೋಡಿದೆ. ಹೊರಗೆ ಕೂತಿದ್ದರಾ ಎಂದು ಕೇಳಿದೆ.

"ಮೂರು ದಿನ ಕುಂತಿದ್ದು. ಆನೇ ಊಟ ಬಡಿಸಿದ್ದೆ," ಎಂದು ಅತ್ತೆ ತಮ್ಮ ಎದೆ ಮುಟ್ಟಿಕೊಂಡರು. ನಿನ್ನೆ ಮಿಂದು ಒಳಗೆ ಬಂತು ಎಂದೂ ಹೇಳಿದರು; ನಮ್ಮ ಕಡೆಯ ಮಾತಿನಲ್ಲಿ ಹೆಂಗಸನ್ನು 'ಅದು' ಎನ್ನುವುದೇ ರೂಢಿ.

ನಾನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡೆ. ನರ್ಸು ಇಂಜೆಕ್ಷನ್ ಹಾಕಿದರು. ಅವಳು ತೋಳು ಒತ್ತಿಕೊಂಡು ಹೋದಳು.

ಹೊರಗೆ ಕೂರುವ ಪದ್ಧತಿಗೆ ರಕ್ತ ಎಷ್ಟು ಎಂಬ ಪ್ರಶ್ನೆಯೇ ಇಲ್ಲ. ಒಂದು ಹನಿ ಕಂಡರೂ ಹೊರಗೆ, ಹರಿದುಹೋದರೂ ಹೊರಗೆ. ಮೂರು ದಿನ ಎಂದರೆ ಮೂರೇ ದಿನ. ಮುಟ್ಟಾದವಳನ್ನೂ, ಬಸಿರು ತಪ್ಪು ಜಾಗದಲ್ಲಿ ನಿಂತು ಒಳಗೆ ಒಸರುತ್ತಿರುವವಳನ್ನೂ ಅದು ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಾನೇ ಹದಿಮೂರು ವರ್ಷದವಳಿದ್ದಾಗಿನಿಂದ ಆ ಚಾಪೆಯ ಮೇಲೆ ಕೂತವಳು. ಒಮ್ಮೆ ಬರೀ ಕಲೆ ಕಂಡದ್ದಕ್ಕೆ ಮೂರು ದಿನ ಕೂತು, ಹತ್ತು ದಿನ ಬಿಟ್ಟು ನಿಜವಾಗಿ ಆದಾಗ ಮತ್ತೆ ಮೂರು ದಿನ ಕೂತಿದ್ದೆ. ಮೈಗೆ ಗೊತ್ತಿದ್ದದ್ದು ತಲೆಗೆ ಹೊಳೆಯಲಿಲ್ಲ.

ಮೂರು ವಾರದ ಮೇಲೆ ಮತ್ತೆ ಅದೇ ಊರಿಗೆ ಹೋದೆವು. ಮೇಜು ಹಾಕುವ ಮೊದಲೇ ಆ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ಗಾಬರಿ ಇರಲಿಲ್ಲ, ದೂರು ಇತ್ತು.

"ನಿಮ್ಮ ಇಂಜೆಕ್ಷನ್ ತಗಂಡ ಮೇಲೆ ಅದು ಒಳಗೆ ಬಪ್ಪದೇ ಇಲ್ಲೆ. ಒಂಬತ್ತು ದಿನ ಆತು ಹೊರಗೆ ಕುಂತು. ನಿಲ್ಲಲೆ ಎಂತಾರೂ ಗುಳಿಗೆ ಕೊಡಿ."

ಈ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಮೊದಮೊದಲು ಆಗಾಗ ಸ್ವಲ್ಪ ಸ್ವಲ್ಪ ಹೋಗುವುದು ಸಾಮಾನ್ಯ. ನಾನು ಅದನ್ನೇ ಹೇಳಿದೆ. ದಿನಕ್ಕೆ ನಾಲ್ಕು ಸಲ ಹೇಳುವ ಮಾತು, ನಾಲಿಗೆಗೆ ಬಾಯಿಪಾಠ. ಹೆದರಬೇಡಿ, ತಾನೇ ನಿಲ್ಲುತ್ತದೆ ಎಂದೆ. ಅವರು ಹೊರಡಲು ತಿರುಗಿದರು. ತಿರುಗುತ್ತ, ನೆಲದ ಮೇಲೆ ಮಲಗಿ ಅದಕ್ಕೆ ಭುಜ ಬೇರೆ ಹಿಡಿದಿದೆ, ಬೆಳಿಗ್ಗೆಯಿಂದ ಎದ್ದಿಲ್ಲ ಎಂದು ತಮ್ಮಷ್ಟಕ್ಕೇ ಎನ್ನುವ ಹಾಗೆ ಅಂದರು.

ನರ್ಸು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. ಯಾವ ಭುಜ, ಹೊಟ್ಟೆ ನೋವಿದೆಯಾ, ಬೆವರುತ್ತಾಳಾ ಎಂದು ಕೇಳಿದರು. ಉತ್ತರ ಕೇಳಿ ಚಪ್ಪಲಿ ಮೆಟ್ಟಿದರು. ನಾನು ಹಿಂದೆ ಹೋದೆ.

ಮನೆಯ ಹಿಂದೆ, ಬಚ್ಚಲಿಗೆ ತಾಗಿ ಒಂದು ಕತ್ತಲೆ ಕೋಣೆ. ಸೌದೆ ಒಂದು ಕಡೆ, ಚಾಪೆ ಒಂದು ಕಡೆ. ತಲೆಯ ಹತ್ತಿರ ಅವಳದೇ ತಟ್ಟೆ, ಅವಳದೇ ಲೋಟ. ತಟ್ಟೆಯಲ್ಲಿ ಬೆಳಗಿನ ದೋಸೆ ಹಾಗೇ ಒಣಗಿ ಸುರುಟಿತ್ತು, ಇರುವೆ ಮುತ್ತಿತ್ತು. ಬಟ್ಟೆಯ ವಾಸನೆ, ಹಸಿ ಸೌದೆಯ ವಾಸನೆ, ಬೆವರಿನ ವಾಸನೆ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನರ್ಸು ಕೆಳಹೊಟ್ಟೆಯ ಮೇಲೆ ಬೆರಳಿಟ್ಟರು ಅಷ್ಟೇ, ಅವಳು ನರಳಿ ಮೊಣಕಾಲು ಮಡಚಿಕೊಂಡಳು.

"ಕಿಟ್ ತರ್ರಿ," ಎಂದರು ನರ್ಸು.

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಇದನ್ನು ಬರೆಯುವುದೇ ದಂಡ. "ಬೇಡ ಸಿಸ್ಟರ್, ಅವರು ಹೊರಗೆ ಕೂತಿದ್ದರಲ್ಲ, ನಾನು ಬರೆದುಕೊಂಡಿದ್ದೆ," ಎಂದೆ. ಎದುರಿಗೆ ಒಬ್ಬಳು ಸಾಯುತ್ತ ಮಲಗಿದ್ದಾಳೆ, ನಾನು ನನ್ನ ಪುಸ್ತಕದ ಪರವಾಗಿ ವಾದ ಮಾಡುತ್ತಿದ್ದೇನೆ.

"ಕೂತಿದ್ಲೋ ಬಿಟ್ಲೋ, ನೀವು ಮೊದಲ ಕಿಟ್ ತರ್ರಿ." ಚೇಷ್ಟೆ ಇಲ್ಲದ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಜೀಪಿಗೆ ಓಡಿದೆ. ಸೀಟಿನ ಕೆಳಗಿನ ನೀಲಿ ಡಬ್ಬಿ ತುಂಬಿ ಮುಚ್ಚಳ ಸಡಿಲವಾಗಿತ್ತು. ಅಷ್ಟು ಕಿಟ್ಟುಗಳಿದ್ದವು. ಮೂರು ವಾರದ ಹಿಂದೆ ಅವಳು ಎರಡೇ ಹನಿ ಎಂದಾಗಲೂ ಅವು ಅಲ್ಲೇ, ಅವಳು ನಿಂತ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ನಾನು ಅವನ್ನು ಯಾರಿಗಾಗಿ ಉಳಿಸಿದ್ದೆ?

ಅತ್ತೆ ಅವಳನ್ನು ಹಿಡಿದುಕೊಂಡರು, ಅವಳ ಲೋಟದಲ್ಲೇ ಮೂತ್ರ ಹಿಡಿದೆವು. ಪೂರ್ತಿ ಹೊತ್ತು ಕಾಯಬೇಕಾಗಲಿಲ್ಲ. ಎರಡು ಗೆರೆ ಮೂಡಿದವು.

ನರ್ಸು ವೈದ್ಯೆಗೆ ಫೋನು ಮಾಡಿದರು. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿರಬೇಕು, ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿರಬೇಕು, ಆ ರಕ್ತ ಮೇಲೆ ಒತ್ತಿದ್ದಕ್ಕೇ ಭುಜದ ನೋವು. ಎಲ್ಲೂ ನಿಲ್ಲಿಸದೆ ನೇರ ಹುಬ್ಬಳ್ಳಿಗೆ ತನ್ನಿ, ಆಪರೇಶನ್ನಿಗೆ ನಾನು ಹೇಳಿಟ್ಟಿರುತ್ತೇನೆ ಎಂದರು ಅವರು. ಅಲ್ಲಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ ಎರಡು ಗಂಟೆಯ ದಾರಿ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಡ್ರೈವರು ಹಿತ್ತಲಲ್ಲಿ ಬಂದು ನಿಂತಿದ್ದ. ಅಕ್ಕಪಕ್ಕದ ಇಬ್ಬರು ಗಂಡಸರೂ ಬಂದಿದ್ದರು. ಯಾರೂ ಹೊಸ್ತಿಲು ದಾಟಲಿಲ್ಲ. ಹೊರಗೆ ಕೂತವಳು, ಅಷ್ಟೇ ಕಾರಣ. ಡ್ರೈವರಿಗೆ ಇನ್ನೂ ಒಂದು ಹೆದರಿಕೆ ಇತ್ತು, ತಾನು ಬೇರೆ ಜಾತಿಯವನು, ಈ ಮನೆಯ ಹಿತ್ತಲಿಗೆ ಬಂದದ್ದೇ ಹೆಚ್ಚು ಎಂದು. ಅವನು ನನ್ನ ಮುಖ ನೋಡಿದ. ಎರಡು ನಿಮಿಷವೂ ಆಗಿರಲಾರದು, ಆದರೆ ಈಗಲೂ ಊಟದ ನಡುವೆ ಅದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಷ್ಟು ಮಂದಿ ಗಟ್ಟಿಮುಟ್ಟಾದ ಜನ, ಒಂದು ಬಾಗಿಲು, ಒಳಗೆ ಬೂದಿಬಣ್ಣದ ತುಟಿ.

ಅತ್ತೆ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವರು ಕತ್ತೆತ್ತಿ ನೋಡಿದರು.

"ಮುಟ್ಟಿ ಎತ್ತಿ. ಕಡಿಗೆ ಮಿಂದ್ರಾತು," ಎಂದರು.

ಡ್ರೈವರು ಮೊದಲು ಒಳಗೆ ಬಂದ. ಚಾಪೆ ಸಮೇತ ಎತ್ತಿದೆವು.

ಜೀಪಿನ ಹಿಂದೆ ಉದ್ದಕ್ಕೆ ಮಲಗಿಸಿ, ಕಾಲನ್ನು ನನ್ನ ತೊಡೆಯ ಮೇಲೆ ಎತ್ತರಿಸಿ ಹಿಡಿದೆ. ನರ್ಸು ಹೇಗೋ ನರ ಹುಡುಕಿ ಸಲಾಯಿನ್ ಹಚ್ಚಿದರು, ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟರು. ಮಾತಾಡಿಸುತ್ತಾ ಇರಿ, ನಿದ್ದೆ ಹೋಗಲು ಬಿಡಬೇಡಿ ಎಂದು ನನಗೆ ಹೇಳಿದರು. ಏನು ಮಾತಾಡಲಿ? ಮಕ್ಕಳ ಹೆಸರು ಕೇಳಿದೆ, ಶಾಲೆ ಕೇಳಿದೆ. ಮೊದಲು ಉತ್ತರ ಬರುತ್ತಿತ್ತು. ಆಮೇಲೆ ಬರೀ ಹೂಂ. ಆಮೇಲೆ ಕಣ್ಣು ತಿರುಗಿಸುವುದು. ಅವಳ ಹಿಮ್ಮಡಿ ನನ್ನ ಅಂಗೈಯಲ್ಲಿ ತಣ್ಣಗಿನ ಕಲ್ಲಿನ ಹಾಗಿತ್ತು. ಯಲ್ಲಾಪುರ ದಾಟಿ ಹೆದ್ದಾರಿ ಹಿಡಿದ ಮೇಲೆ ನರ್ಸು ಒಂದು ಸಲ ನಾಡಿ ಹಿಡಿದು, ಬೆರಳು ಜಾಗ ಬದಲಿಸಿ, ಮತ್ತೆ ಬದಲಿಸಿ, ಕೊನೆಗೆ ಕುತ್ತಿಗೆಗೆ ಕೈ ಹಾಕಿದರು.

ಕಿರವತ್ತಿಯಲ್ಲಿ ಧಾಬಾಗಳ ಮುಂದೆ ಲಾರಿಗಳು ಎರಡು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಹಾರ್ನಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡ್ರೈವರು ಇಳಿದು ಹೋಗಿ ಊಟಕ್ಕೆ ಕೂತಿದ್ದ ಲಾರಿಯವನ ರಟ್ಟೆ ಹಿಡಿದು ಎಬ್ಬಿಸಿ ತಂದ. "ಭಾಯ್, ಒಳಗೆ ಹೆಂಗಸು ಸಾಯ್ತಾ ಅದಾಳೆ, ಗಾಡಿ ತೆಗಿ," ಎಂದು ಮೆಲ್ಲಗೇ ಹೇಳಿದ. ಆ ಮನುಷ್ಯ ಎಂಜಲು ಕೈಯಲ್ಲೇ ಸ್ಟೇರಿಂಗ್ ಹಿಡಿದು ಲಾರಿ ಹಿಂದೆ ತೆಗೆದ. ಅಷ್ಟು ಹೊತ್ತೂ ನಾನು ಮಾತಾಡಿಸುತ್ತಲೇ ಇದ್ದೆ. ಅವಳು ಕೇಳುತ್ತಿದ್ದಳೋ ಇಲ್ಲವೋ. ನನಗೆ ಆಗ ಬಂದ ಯೋಚನೆ ಇಷ್ಟು ನೀಚವಾಗಿತ್ತು: ಇವಳು ಸತ್ತರೆ ಆ ಪುಸ್ತಕವನ್ನು ಯಾರು ಯಾರು ನೋಡುತ್ತಾರೆ ಎಂಬುದು. ಎಲ್ಲ ಬರೆಯಬೇಕೆಂದು ಕೂತಿದ್ದೇನಲ್ಲ, ಇದನ್ನೂ ಬರೆದಿದ್ದೇನೆ.

ಬದುಕಿದಳು. ಹುಬ್ಬಳ್ಳಿಯ ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಕಾಯುತ್ತಿತ್ತು. ಒಂದು ನಾಳ ತೆಗೆದರು, ನಾಲ್ಕು ಬಾಟಲಿ ರಕ್ತ ಕೊಟ್ಟರು. ಅದರಲ್ಲಿ ಒಂದು ನಮ್ಮ ಡ್ರೈವರದು. ಆಪರೇಶನ್ ಮಾಡಿದವರು ಹೊರಗೆ ಬಂದು, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು, ಸಮಯಕ್ಕೆ ತಂದಿರಿ ಎಂದು ನನ್ನ ಕೈ ಕುಲುಕಿದರು. ನಿಮ್ಮ ಇಂಜೆಕ್ಷನ್ನಿನಿಂದ ಆದದ್ದಲ್ಲ, ಅದು ಮೊದಲೇ ಇತ್ತು ಎಂದೂ ಸಮಾಧಾನ ಹೇಳಿದರು. ಮೊದಲೇ ಇತ್ತು. ಅದೇ ಅಲ್ಲವೇ. ಆ ಕೈ ಕುಲುಕಿಸಿಕೊಂಡ ಕೈಯನ್ನು ಆಸ್ಪತ್ರೆಯ ನಲ್ಲಿಯಲ್ಲಿ ಎಷ್ಟು ಹೊತ್ತು ತೊಳೆದೆನೋ ಗೊತ್ತಿಲ್ಲ.

ಮೂರನೆಯ ದಿನ ನೋಡಲು ಹೋದೆ. ಅವಳು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಬಯ್ಯುತ್ತಾಳೆ ಎಂದುಕೊಂಡು ಹೋಗಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಲೋಟ ಕೆಳಗಿಟ್ಟು ಕೇಳಿದಳು:

"ಎರಡೇ ಹನಿ ಹೇಳಿ ಆನು ಹೇಳಿದ್ದೆ ಅಲ್ದ?"

ಹೌದು ಎಂದೆ. ಹೇಳಿದ್ದಿರಿ, ನಾನು ಬರೆದುಕೊಳ್ಳಲಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಅದು ಖಾತ್ರಿಯಾದರೆ ಸಾಕಿತ್ತು ಅವಳಿಗೆ. ಆಮೇಲೆ ಅತ್ತೆಯ ಕಡೆ ತಿರುಗಿ, ಮನೆಗೆ ಹೋದ ಮೇಲೆ ಇನ್ನೆಷ್ಟು ದಿನ ಹೊರಗಿರಬೇಕು ಎಂದು ಕೇಳಿದಳು. ಅತ್ತೆ ಗಂಜಿಯ ಲೋಟ ತೊಳೆಯಲು ಎದ್ದವರು ನಿಂತರು.

"ಅದಕ್ಕೆಲ್ಲ ಲೆಕ್ಕ ಇಲ್ಲೆ. ಸೀದಾ ಒಳಗೆ ಬಾ," ಎಂದರು.

ಒಬ್ಬ ಮುದುಕಿ ನಿಂತ ನಿಲುವಿನಲ್ಲಿ ಬಿಟ್ಟುಕೊಟ್ಟದ್ದನ್ನು ನಮ್ಮ ಸಂಸ್ಥೆ ಎರಡು ಸಭೆ ನಡೆಸಿಯೂ ಬಿಟ್ಟುಕೊಡಲಿಲ್ಲ. ನಾನು ನಡೆದದ್ದನ್ನು ಪೂರ್ತಿ ಹೇಳಿ, ಆ ವಿಧಾನವನ್ನು ಕೈಪಿಡಿಯಿಂದ ತೆಗೆಯಿರಿ ಎಂದೆ. ಮುಖ್ಯಸ್ಥರು ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡರು. ಸಾವಿರಕ್ಕೊಂದು ಹೀಗಾಗುತ್ತದೆ, ಇರುವುದರಲ್ಲೇ ನಡೆಸಬೇಕಲ್ಲ, ನೀವು ಸುಸ್ತಾಗಿದ್ದೀರಿ, ನಾಲ್ಕು ದಿನ ರಜೆ ತೆಗೆದುಕೊಳ್ಳಿ ಎಂದರು. ಕೊನೆಗೆ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದರು: ಅತ್ತೆಯ ಜೊತೆಗೆ ಸೊಸೆಯನ್ನೂ ವಿಚಾರಿಸತಕ್ಕದ್ದು. ಸೊಸೆಯನ್ನೂ. ಓದಿ ಎದ್ದು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ.

ಹಾಗಂತ ಕೆಲಸ ಬಿಡಲಿಲ್ಲ. ನೀಲಿ ಡಬ್ಬಿಯನ್ನು ಮೇಜಿನ ಮೇಲೆ ಇಡತೊಡಗಿದೆ. ಮೊದಲ ಸಲ ಇಂಜೆಕ್ಷನ್ನಿಗೆ ಬಂದ ಎಲ್ಲರಿಗೂ ಕಿಟ್, ಹೊರಗೆ ಕೂತಿರಲಿ ಬಿಡಲಿ. ಅತ್ತೆಯರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಹೆಂಗಸನ್ನು ಒಬ್ಬಳನ್ನೇ ಕೇಳುತ್ತೇನೆ: ಎಷ್ಟು ಹೋಯಿತು, ಯಾವ ಬಣ್ಣ, ಎಂದಿನ ಹಾಗೇ ಇತ್ತಾ. ಒಬ್ಬೊಬ್ಬರಿಗೆ ಬಹಳ ಹೊತ್ತು ಹಿಡಿಯುತ್ತದೆ. ಸಾಲಿನವರು ಗೊಣಗುತ್ತಾರೆ. ನರ್ಸು ಈಗ ಅತ್ತೆಯರಿಗೆ, "ಲ್ಯಾಬ್ ಬಂದ್ ಆಗೇತ್ರಿ, ಅಲ್ಲೇ ಕುಂಡ್ರಿ," ಎನ್ನುತ್ತಾರೆ. ನಾನು ನಗುವುದಿಲ್ಲ.

ಎರಡು ತಿಂಗಳಿಗೆ ಡಬ್ಬಿ ಬರಿದಾಯಿತು. ಹುಬ್ಬಳ್ಳಿಯಿಂದ ಹೊಸ ಪೆಟ್ಟಿಗೆ ಬಂದಿರಲಿಲ್ಲ. ಆ ಬುಧವಾರ ಮತ್ತಿಘಟ್ಟದ ಕಡೆ ಒಬ್ಬ ಹೆಂಗಸು ಕಾಡುದಾರಿಯಲ್ಲಿ ಎರಡು ಗಂಟೆ ನಡೆದು ಬಂದಿದ್ದಳು. ಮೊದಲ ಇಂಜೆಕ್ಷನ್. ಮೊನ್ನೆಯಷ್ಟೇ ಹೊರಗಾಗಿತ್ತು ಎಂದಳು, ಆದರೆ ಎಷ್ಟು ಹೋಯಿತು ಎಂದು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ ಅವಳಿಗೆ. ಕಿಟ್ ಇಲ್ಲ, ಇವತ್ತು ಹಾಕುವುದಿಲ್ಲ ಎಂದೆ. ಕಾಂಡೋಮ್ ಕೊಟ್ಟೆ. ಅವಳು ಆ ಪೊಟ್ಟಣವನ್ನು ನೋಡಿ, ಇದನ್ನು ಯಾರಿಗೆ ಹೇಳಲಿ, ನನ್ನ ಗಂಡ ಇದನ್ನು ಕೇಳುವ ಜನವಾ ಎಂದು ಕೇಳಿದಳು. ಮತ್ತೆ ಬರುವ ವಾರ ಬನ್ನಿ, ಶಿರಸಿಯಿಂದ ಕಿಟ್ ನಾನೇ ಕೊಂಡು ತರುತ್ತೇನೆ ಎಂದೆ. ಮುಂದಿನ ವಾರ ಮನೆಯಿಂದ ಬಿಡುವುದಿಲ್ಲ ಎಂದಳು.

ನರ್ಸು ನನ್ನನ್ನು ನೋಡಿದರು. ಇಂಜೆಕ್ಷನ್ ಅವರ ತಟ್ಟೆಯಲ್ಲೇ ಇತ್ತು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಆ ಹೆಂಗಸು ಪೊಟ್ಟಣವನ್ನು ಮೇಜಿನ ಮೇಲೆ ವಾಪಸ್ ಇಟ್ಟು, ಸೆರಗು ಬಿಗಿದುಕೊಂಡು, ಬಂದ ದಾರಿಯಲ್ಲೇ ನಡೆದು ಹೋದಳು. ಮುಂದಿನ ವಾರ ಕಿಟ್ ಕೊಂಡು ಹೋಗಿ ಕಾದೆ. ಅವಳು ಬರಲಿಲ್ಲ.